ನಿರ್ದೇಶಕರ ಸಭೆ ಬರೀ ಸಹಿ ಹಾಕುವ ಸಭೆ ಆಗದಿರಲು ಏನು ಮಾಡಬೇಕು?

ಪ್ರಶ್ನೆ (ಬದಿಯಡ್ಕ): ಅಡಕೆ ಬೆಳೆಗಾರರ ಉತ್ಪಾದಕ ಕಂಪನಿ (ಬೆಳೆಗಾರರೇ ಸದಸ್ಯರಾಗಿರುವ ಕಂಪನಿ), 11 ನಿರ್ದೇಶಕರು. ಲೆಕ್ಕಪತ್ರ ಸಭೆಯಲ್ಲೇ ಕೈಗೆ ಸಿಗುವುದು. ಓದಿ ಮುಗಿಸುವ ಮೊದಲೇ ಠರಾವು ಪಾಸು. ಪರಿಹಾರ ಏನು?

ಉತ್ತರ 1: ಮೂರು ತಿಂಗಳಿಗೊಮ್ಮೆಯಾದರೂ ಸಭೆ, 7 ದಿನ ಮೊದಲು ನೋಟಿಸು, ನಿಮ್ಮಲ್ಲಿ ಕೋರಂ (ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಾತಿ) 4 ಜನ, ಇದು ಕಾನೂನು. ನೋಟಿಸಿನ ಜತೆಗೇ ಲೆಕ್ಕಪತ್ರವೂ ಬರಲಿ. ಮುಖ್ಯವಾಗಿ ದಾಸ್ತಾನಿನ ಪುಟ ನೋಡಿ: ಎಷ್ಟು ಕ್ವಿಂಟಲ್, ಖರೀದಿ ದರ, ಈಗಿನ ದರ. ಹೊಸ ಅಡಕೆ, ಚೋಲು (ಹಳೆ ಅಡಕೆ), ಪಟೋರ (ಕೆಳ ದರ್ಜೆಯದು) ಬೇರೆ ಬೇರೆ ಸಾಲಿನಲ್ಲಿರಲಿ. ಒಟ್ಟು ಮಾಡಿ ಸರಾಸರಿ ತೋರಿಸಿದರೆ ಒಂದರ ನಷ್ಟ ಇನ್ನೊಂದರ ಲಾಭದಲ್ಲಿ ಅಡಗುತ್ತದೆ. ನಿರ್ದೇಶಕ ಮಂಡಳಿ ಎಡವಬಹುದಾದ ಜಾಗ ಇದು.

ಉತ್ತರ 2: ಅಣ್ಣ ಹೇಳಿದ್ದು ಸರಿ. ಕಂಪನಿ ಬಾಡಿಗೆಗೆ ಪಡೆದ ಗೋದಾಮು ನಿರ್ದೇಶಕರೊಬ್ಬರದ್ದೇ ಆದರೆ, ಬಾಡಿಗೆ ವಿಷಯ ಬಂದಾಗ ಅವರು ಹಿತಾಸಕ್ತಿ ತಿಳಿಸಿ ಹೊರಗೆ ಕೂರಲಿ. ಸಭೆಯ ನಡಾವಳಿ 30 ದಿನದೊಳಗೆ ಪುಸ್ತಕಕ್ಕೆ ಏರಬೇಕು. ಠರಾವಿಗೆ ಒಪ್ಪದಿದ್ದವರು ತಮ್ಮ ವಿರೋಧವನ್ನು ಹೆಸರು ಸಹಿತ ಅದರಲ್ಲಿ ಬರೆಸಲಿ.