ಅಪ್‌ಡೇಟ್: ಫ್ರೇಮ್ ಇಲ್ಲದೆಯೇ ಫೂಟರ್ ತಳದಲ್ಲಿ ನಿಂತಿತು
ವೆಬ್ ಪುಟವನ್ನು ಎಷ್ಟೇ ಸರಿಸಿದರೂ ಫೂಟರ್ (ಪುಟದ ಅಡಿಪಟ್ಟಿ) ಪರದೆಯ ತಳದಲ್ಲೇ ಕಾಣುತ್ತಿರಬೇಕು, ಆದರೆ ಪರದೆಯನ್ನು ಬೇರೆ ಬೇರೆ ಪುಟಗಳ ಚೌಕಗಳಾಗಿ ಒಡೆಯುವ ಫ್ರೇಮ್ ಮಾತ್ರ ಬೇಡ, ಹೇಗೆ ಮಾಡಲಿ ಎಂದು ಕೇಳಿದ್ದೆ. ಕೆಲಸವಾಯಿತು, ಉತ್ತರಿಸಿದವರಿಗೆಲ್ಲ ಧನ್ಯವಾದ. ಪುಟದ ರೂಪ ನಿರ್ಧರಿಸುವ ಸಿಎಸ್ಎಸ್ ಭಾಷೆಯಲ್ಲಿ ಫೂಟರಿಗೆ ‘ಪೊಸಿಷನ್: ಫಿಕ್ಸ್ಡ್’ (ಪರದೆಯ ಮೇಲೆ ಒಂದೇ ಕಡೆ ನಿಲ್ಲಿಸುವ ಸೂಚನೆ), ಜೊತೆಗೆ ಬಾಟಮ್, ಲೆಫ್ಟ್, ರೈಟ್ ಮೂರಕ್ಕೂ 0 ಕೊಟ್ಟೆ. ಫೂಟರ್ ಎತ್ತರ 48 ಪಿಕ್ಸೆಲ್. ಪುಟದಲ್ಲಿ ಕಾಣುವುದನ್ನೆಲ್ಲ ಹೊಂದಿರುವ ಬಾಡಿಗೂ ಅಷ್ಟೇ ಎತ್ತರದ ‘ಪ್ಯಾಡಿಂಗ್-ಬಾಟಮ್’ (ತಳದ ಖಾಲಿ ಜಾಗ) ಇಟ್ಟ ಮೇಲೆ ಬರಹದ ಕೊನೆಯ ಸಾಲು ಫೂಟರಿನ ಹಿಂದೆ ಅಡಗುವುದು ತಪ್ಪಿತು.

ಆದರೂ ಒಂದು ಪುಟದಲ್ಲಿ ಫೂಟರ್ ಹಟಮಾರಿಯಂತೆ ಬರಹದ ಜೊತೆಗೇ ಮೇಲೆ ಹೋಗುತ್ತಿತ್ತು. ಕೆದಕಿದರೆ, ಅದನ್ನು ಸುತ್ತಿದ್ದ ಡಿವ್‌ಗೆ (ಪುಟದ ಭಾಗಗಳನ್ನು ಒಟ್ಟಿಗೆ ಇಡುವ ಪೆಟ್ಟಿಗೆ) ಅನಿಮೇಷನ್ ಸಲುವಾಗಿ, ಸರಿಸುವ ಇಲ್ಲವೇ ತಿರುಗಿಸುವ ಸೂಚನೆಯಾದ ‘ಟ್ರಾನ್ಸ್‌ಫಾರ್ಮ್’ ಹಾಕಲಾಗಿತ್ತು. ಹಾಗಿದ್ದಾಗ ಫಿಕ್ಸ್ಡ್ ಆದದ್ದು ಪರದೆಗಲ್ಲ, ಆ ಡಿವ್‌ಗೇ ಅಂಟಿಕೊಳ್ಳುತ್ತದೆ! ಫೂಟರನ್ನು ಅಲ್ಲಿಂದ ಎತ್ತಿ ನೇರವಾಗಿ ಬಾಡಿಯೊಳಗಿಟ್ಟೆ, ಸರಿಹೋಯಿತು. ಹೋಮ್ ಬಟನ್ ಇಲ್ಲದ ಐಫೋನ್‌ಗಳಲ್ಲಿ ತಳದ ಗೆರೆ ಅಕ್ಷರಗಳಿಗೆ ತಾಗುವುದೊಂದು ಬಾಕಿ. ‘ಸೇಫ್-ಏರಿಯಾ-ಇನ್‌ಸೆಟ್-ಬಾಟಮ್’ (ಆ ಗೆರೆಗೆಂದು ತಳದಲ್ಲಿ ಬಿಡಬೇಕಾದ ಜಾಗದ ಅಳತೆ) ಸೇರಿಸಿ ನೋಡುತ್ತೇನೆ.