ಯೋಗನಿದ್ರೆ ನಿದ್ರೆಯ ಲೆಕ್ಕಕ್ಕೆ ಬರುತ್ತಾ? ಭಾನುವಾರ ಬೆಳಿಗ್ಗೆ ನಮ್ಮ ಮನೆ ಗುಂಪಿನಲ್ಲಿ

ದೊಡ್ಡಪ್ಪ, 7:42
[ಫಾರ್ವರ್ಡ್] "ಅರ್ಧ ಗಂಟೆ ಯೋಗನಿದ್ರೆ ಎರಡು ಗಂಟೆ ನಿದ್ರೆಗೆ ಸಮ! ಕಡಿಮೆ ಮಲಗಿ, ಹೆಚ್ಚು ಸಾಧಿಸಿ. ಎಲ್ಲರಿಗೂ ಕಳಿಸಿ."
ಎಲ್ರೂ ಓದಿ. ರಿಟೈರ್ ಆದಾಗಿಂದ ನಾನು ದಿನಾ ಮಾಡ್ತಿದೀನಿ.

ನಾನು, 7:50
ದೊಡ್ಡಪ್ಪ, ಯೋಗನಿದ್ರೆ ಬಗ್ಗೆ ತಕರಾರಿಲ್ಲ. 'ಕಡಿಮೆ ಮಲಗಿ' ಅನ್ನೋ ಮಾತು ತಪ್ಪು. ದಯವಿಟ್ಟು ಡಿಲೀಟ್ ಮಾಡಿ.

ದೊಡ್ಡಪ್ಪ, 7:58
ಯಾಕಮ್ಮ? ಯೋಗನಿದ್ರೆ ಮಾಡೋದೇ ಶವಾಸನದಲ್ಲಿ ಅಂಗಾತ ಮಲಗಿ. ಆ ಶವಾಸನ 'ಶ್ರಾಂತಿಹರ, ಚಿತ್ತವಿಶ್ರಾಂತಿಕಾರಕ' ಅಂತ ಹಳೇ ಯೋಗಗ್ರಂಥ ಹಠಯೋಗ ಪ್ರದೀಪಿಕೆಯಲ್ಲೇ ಇದೆ. ಶವಾಸನದಿಂದ ಬಿ.ಪಿ. ಇಳಿಯುತ್ತೆ ಅಂತ ಮುಂಬೈಯ ಡಾ. ಕೆ.ಕೆ. ದಾತೆ 1969ರಲ್ಲೇ ಪ್ರಕಟಿಸಿದ್ದಾರೆ. ನಮ್ಮದು ಅಂದ್ರೆ ನಿಮಗೆ ತಾತ್ಸಾರ.

ನಾನು, 8:06
ಖಂಡಿತ ಇಲ್ಲ. ನೀವು ಬರೆದ ಆ ಎರಡು ಪದಗಳನ್ನೇ ನೋಡಿ. ದಣಿವು ಕಳೆಯುತ್ತೆ, ಮನಸ್ಸಿಗೆ ವಿಶ್ರಾಂತಿ ಸಿಗುತ್ತೆ ಅಂದಿದೆ. ನಿದ್ರೆಗೆ ಬದಲು ಅಂತ ಎಲ್ಲಿದೆ? ಬಿಹಾರದ ಮುಂಗೇರಿನ ಯೋಗಗುರು ಸತ್ಯಾನಂದ ಸರಸ್ವತಿಯವರ ಯೋಗನಿದ್ರೆ ಕ್ರಮದಲ್ಲೂ ಶುರುವಿನಲ್ಲೇ ನಿದ್ರೆ ಮಾಡಬೇಡಿ, ಎಚ್ಚರವಾಗಿರಿ ಅಂತಾರೆ. ನಮಗೆ ಹೇಳಿಕೊಡುವಾಗ ನೀವೂ ಹಾಗೇ ಹೇಳ್ತಿದ್ರಿ. ಎಚ್ಚರವಾಗಿದ್ದು ಮಾಡೋದು ನಿದ್ರೆಯ ಲೆಕ್ಕಕ್ಕೆ ಹೇಗೆ ಬರುತ್ತೆ?
ಎಚ್ಚರ ಇದ್ದಷ್ಟೂ ಹೊತ್ತು ಮಿದುಳಲ್ಲಿ ಅಡೆನೋಸಿನ್ ಅನ್ನೋ ರಾಸಾಯನಿಕ ಕೂಡ್ತಾ ಹೋಗುತ್ತೆ, ಅದಕ್ಕೇ ಕಣ್ಣು ಎಳೆಯೋದು. ಅದು ಇಳಿಯೋಕೆ ನಿದ್ರೆನೇ ಬೇಕು. ದೊಡ್ಡವರಿಗೆ ಕಡಿಮೆ ಅಂದ್ರೂ 7 ಗಂಟೆ.

ಅಣ್ಣ (ಹಾಸನ), 8:11
ಒಳ್ಳೇದಾಗ್ಲಿ ಅಂತ ಕಳ್ಸಿದಾರೆ. ಬೇಕಾದವರು ಮಾಡ್ತಾರೆ, ಬಿಡಮ್ಮ.

ನಾನು, 8:12
ಬಿಡೋಕಾಗಲ್ಲ ಅಣ್ಣ. ನೈಟ್ ಶಿಫ್ಟ್ ಮಾಡೋನು ಒಬ್ಬ ಈ ಗುಂಪಲ್ಲೇ ಇದಾನೆ.

ತಮ್ಮ, 8:21
ಅಕ್ಕ ಹೇಳ್ತಿರೋದು ನನ್ನ ವಿಷಯ. ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಇದೇ ಮೆಸೇಜ್ ಹೋದ ತಿಂಗಳು ಆಫೀಸ್ ಗುಂಪಲ್ಲಿ ಬಂದಿತ್ತು. ನಾಲ್ಕು ಗಂಟೆ ಮಲಗಿ, ಮುಕ್ಕಾಲು ಗಂಟೆ ಆಡಿಯೋ ಹಾಕ್ಕೊಂಡು ಮಾಡ್ತಿದ್ದೆ. ಮನಸ್ಸು ಹಗುರ ಆಗ್ತಿತ್ತು, ಅದು ನಿಜ. ಒಂಬತ್ತನೇ ದಿನ ಮನೆಗೆ ಬರುವಾಗ ಬೈಕ್ ಮೇಲೇ ಕಣ್ಣು ಮುಚ್ಚಿಹೋಯ್ತು. ಹ್ಯಾಂಡಲ್ ಡಿವೈಡರಿಗೆ ಉಜ್ಜಿದಾಗ ಎಚ್ಚರ ಆಯ್ತು. ಅಮ್ಮನಿಗೆ ಹೇಳಿರಲಿಲ್ಲ.

ಅಮ್ಮ, 8:23
ಏನೋ ಇದು. ಫೋನ್ ಎತ್ತು.

ಅಮ್ಮ, 8:24
ಎತ್ತೋ.

ದೊಡ್ಡಪ್ಪ, 8:40
ನನಗೆ ಗೊತ್ತಿರಲಿಲ್ಲ ಮಗಾ. ನಾನು ರಾತ್ರಿ ಹತ್ತಕ್ಕೆ ಮಲಗಿದ್ರೆ ಏಳೋದು ಬೆಳಗಿನ ಜಾವ ಐದಕ್ಕೆ. ಅದರ ಮೇಲೆ ಯೋಗನಿದ್ರೆ. ಆ ಏಳು ಗಂಟೆ ನನ್ನ ತಲೆಗೇ ಬರಲಿಲ್ಲ. ಡಿಲೀಟ್ ಮಾಡಿದೀನಿ.

ಚಿಕ್ಕಮ್ಮ, 8:44
ಹಾಗಾದ್ರೆ ಮಲಗೋ ಮುಂಚೆ ಏನು ಮಾಡ್ಬೇಕು ಹೇಳೇ. ದಿಂಬಿಗೆ ತಲೆ ಕೊಟ್ಟ ಕೂಡ್ಲೆ ನನಗೆ ಚೀಟಿ ದುಡ್ಡು, ಗ್ಯಾಸು, ಮಗಳ ಫೀಸು ಎಲ್ಲಾ ಸಾಲಾಗಿ ನೆನಪಾಗುತ್ತೆ.

ನಾನು, 8:55
ಅದನ್ನೇ ಬರೆದಿಡಿ ಚಿಕ್ಕಮ್ಮ, ಐದು ನಿಮಿಷ, ಕಾಗದದ ಮೇಲೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಜನರಲ್ಲಿ ಇದನ್ನ ಪರೀಕ್ಷೆ ಮಾಡಿ 2018ರಲ್ಲಿ ಪ್ರಕಟಿಸಿದ್ರು. ಮುಗಿಸಿದ ಕೆಲಸ ಬರೆದವರಿಗಿಂತ ಮುಂದೆ ಮಾಡಬೇಕಾದ್ದನ್ನ ಬರೆದವರಿಗೆ ಬೇಗ ನಿದ್ರೆ ಬಂತು.
ಆಮೇಲೆ ಅಜ್ಜಿ ಮಾಡ್ತಿದ್ದ ಹಾಗೆ ಬಿಸಿನೀರಲ್ಲಿ ಕಾಲು ತೊಳೆದು ಅಂಗಾಲು ತಿಕ್ಕಿ. ಪಾದ ಬೆಚ್ಚಗಾದ್ರೆ ಅಲ್ಲಿನ ರಕ್ತನಾಳ ಹಿಗ್ಗಿ ಒಳಗಿನ ಶಾಖ ಹೊರಗೆ ಹೋಗುತ್ತೆ. ಒಳಮೈ ತಣಿಯುವಾಗಲೇ ನಿದ್ರೆ ಹತ್ತೋದು.
ಮೈ ಬಿಗಿ ಇದ್ರೆ ಷಿಕಾಗೋದ ಡಾ. ಜೇಕಬ್ಸನ್ 1929ರಲ್ಲಿ ಪುಸ್ತಕ ಮಾಡಿದ ಕ್ರಮ ಇದೆ. ಈಗ ನಮ್ಮ ವಾರ್ಡಿನಲ್ಲಿ ನಾವು ರೋಗಿಗಳಿಗೆ ಹೇಳಿಕೊಡೋದು ಅದರ ಚಿಕ್ಕ ರೂಪ. ಕಾಲ್ಬೆರಳನ್ನ ಐದಾರು ಸೆಕೆಂಡ್ ಬಿಗಿ ಹಿಡಿದು ಪೂರ್ತಿ ಸಡಿಲ ಬಿಡಿ. ಹಾಗೇ ಮೀನಖಂಡ, ತೊಡೆ, ಹೊಟ್ಟೆ, ಭುಜ ಅಂತ ಮೇಲೆ ಬನ್ನಿ. ದವಡೆ, ಹುಬ್ಬು ಮರೀಬೇಡಿ, ಚಿಂತೆ ಮಾಡೋರಿಗೆ ಬಿಗಿ ಅಲ್ಲೇ ಇರುತ್ತೆ. ಇಪ್ಪತ್ತು ನಿಮಿಷ ಆದ್ರೂ ನಿದ್ರೆ ಬರದಿದ್ರೆ ಹೊರಳಾಡಬೇಡಿ. ಎದ್ದು ಮಂದ ಬೆಳಕಲ್ಲಿ ಕೂತಿರಿ, ತೂಕಡಿಕೆ ಬಂದಮೇಲೆ ಹಾಸಿಗೆಗೆ ಹೋಗಿ.

ದೊಡ್ಡಪ್ಪ, 9:02
ಮಗಾ, ಇನ್ನೂ ಆನ್‌ಲೈನ್ ಇದ್ದೀಯ. ಕರ್ಟನ್ ಎಳ್ಕೊಂಡು ಮಲಗು. ನಾನೇ ಹದಿನೈದು ನಿಮಿಷದ ವಾಯ್ಸ್ ಮಾಡಿ ಕಳಿಸ್ತೀನಿ. ನಿದ್ರೆ ಮಾಡಬೇಡಿ ಅನ್ನೋ ಮಾತು ಅದರಲ್ಲಿ ಇರಲ್ಲ.