ಭಾವ ಕಳಿಸಿದ ರೆಸಾರ್ಟ್ ಕೊಟೇಶನ್

(ನಮ್ಮ ಮನೆಯವರ ಗ್ರೂಪಿನ ಮಾತುಕತೆ. ಭಾವ ಅಕ್ಕನ ಗಂಡ, ತಂಗಿ ಚಿಕ್ಕಪ್ಪನ ಮಗಳು, ನಾನು ಆಸ್ಪತ್ರೆಯಲ್ಲಿ ನರ್ಸ್.)

ಭಾವ: (ಪಿಡಿಎಫ್: ಒಂದು ದಿನದ ಟೀಮ್ ಔಟಿಂಗ್ ಪ್ಯಾಕೇಜ್, ರಾಮನಗರ)
ಎಲ್ಲರೂ ಒಮ್ಮೆ ನೋಡಿ. ಪೀಣ್ಯದ ನಮ್ಮ ವರ್ಕ್‌ಶಾಪಿನ ಹುಡುಗರನ್ನು ಕರೆದುಕೊಂಡು ಹೋಗೋಣ ಅಂತಿದ್ದೇನೆ. 40 ಜನ, ತಲೆಗೆ 2,200, ಬಸ್ಸು ಬೇರೆ. ತಿಂಡಿ, ಊಟ, ಹಗ್ಗಜಗ್ಗಾಟ, ಜಿಪ್‌ಲೈನ್, ಸಂಜೆ ಒಬ್ಬ ಟ್ರೈನರ್ ಬಂದು ಒಗ್ಗಟ್ಟಿನ ಬಗ್ಗೆ ಮಾತಾಡುತ್ತಾರಂತೆ. ಎರಡು ಶಿಫ್ಟಿನವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುವುದಿಲ್ಲ. ರಿಜೆಕ್ಷನ್, ಅಂದರೆ ಸರಿಯಿಲ್ಲ ಅಂತ ತೆಗೆದುಹಾಕುವ ಪೀಸ್, ಜಾಸ್ತಿ ಆಗಿದೆ. ಅದಕ್ಕೇ ಈ ಯೋಚನೆ.

ಅಕ್ಕ: ಲೆಕ್ಕ ಬರೆಯುವವಳು ನಾನು. ಬರೀ ಪ್ಯಾಕೇಜಿಗೇ 88,000 ಆಯಿತು. ಬಸ್ಸು ಸೇರಿದರೆ ಲಕ್ಷದ ಹತ್ತಿರ.

ತಂಗಿ: ಹೋಗಿ ಭಾವ, ದುಡ್ಡು ದಂಡ ಆಗುವುದಿಲ್ಲ. ನಮ್ಮ ಕಂಪನಿಯಲ್ಲಿ ಇದನ್ನೆಲ್ಲ ನೋಡಿಕೊಳ್ಳುವುದು ನಾನೇ, ನೋಡಿಯೇ ಹೇಳುತ್ತಿದ್ದೇನೆ.

ನಾನು: ಭಾವ, ಬೇಸರ ಮಾಡಿಕೊಳ್ಳಬೇಡಿ. ರಿಜೆಕ್ಷನ್ ಕಡಿಮೆ ಮಾಡಲು ಇದು ದಾರಿ ಅಲ್ಲ ಅನ್ನಿಸುತ್ತದೆ. ನಮ್ಮ ಆಸ್ಪತ್ರೆಯವರೂ ಹೀಗೇ ಕರೆದುಕೊಂಡು ಹೋಗಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿ ಹಿಂದಕ್ಕೆ ಬೀಳುವ ಆಟ ಆಡಿಸಿದರು, ವಾರ್ಡಿನವರೇ ಹಿಡಿದುಕೊಂಡರು, ಎಲ್ಲರೂ ಚಪ್ಪಾಳೆ ಹೊಡೆದರು. ಅದೇ ವಾರ ರಾತ್ರಿ ಪಾಳಿಯಲ್ಲಿ ಹೊಸ ಹುಡುಗಿಗೆ ಒಂದು ಡೋಸ್ ಬಗ್ಗೆ ಅನುಮಾನ ಬಂತು, ಆದರೆ ಡಾಕ್ಟರಿಗೆ ಫೋನ್ ಮಾಡಲು ಅವಳಿಗೆ ಹೆದರಿಕೆ, ಯಾಕೆಂದರೆ ಹಿಂದೊಮ್ಮೆ ಕೇಳಿದ್ದಕ್ಕೆ ಎಲ್ಲರ ಮುಂದೆ ಬೈಸಿಕೊಂಡಿದ್ದಳು. ಇನ್ನೊಬ್ಬ ಸಿಸ್ಟರ್ ಪಕ್ಕದಲ್ಲಿದ್ದರು, ಸರಿಹೋಯಿತು. ಆ ಹೆದರಿಕೆಗೆ ರೆಸಾರ್ಟ್ ಏನು ಮಾಡಿತು ಹೇಳಿ?
ಏಮಿ ಎಡ್ಮಂಡ್‌ಸನ್ ಅಂತ ಹಾರ್ವರ್ಡ್‌ನ ಪ್ರೊಫೆಸರ್ ಇದ್ದಾರೆ. ಒಳ್ಳೆಯ ತಂಡಗಳಲ್ಲಿ ಔಷಧಿ ಕೊಡುವಾಗ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡು ಆಸ್ಪತ್ರೆಗಳಲ್ಲಿ ನೋಡಿದರೆ, ಅಂಥ ತಂಡಗಳ ಲೆಕ್ಕದಲ್ಲೇ ತಪ್ಪು ಜಾಸ್ತಿ ಇತ್ತಂತೆ. ಅವರು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ. ಆದದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು. ಆಮೇಲೆ ಒಂದು ಫ್ಯಾಕ್ಟರಿಯ 51 ತಂಡಗಳನ್ನು ನೋಡಿ 1999ರಲ್ಲಿ ಬರೆದದ್ದೂ ಇದನ್ನೇ: ಹೆದರದೆ ಬಾಯಿ ಬಿಡುವ ತಂಡ ಬೇಗ ಕಲಿಯುತ್ತದೆ.

ತಂಗಿ: ಅಕ್ಕ, ಗೂಗಲ್ 2012ರಲ್ಲಿ ಶುರು ಮಾಡಿ ತನ್ನದೇ 180 ತಂಡಗಳನ್ನು ನೋಡಿದಾಗಲೂ ಇದೇ ಬಂತು. ತಂಡದಲ್ಲಿ ಯಾರಿದ್ದಾರೆ ಅನ್ನುವುದಕ್ಕಿಂತ ಒಬ್ಬರ ಜೊತೆ ಒಬ್ಬರು ಹೇಗಿರುತ್ತಾರೆ ಅನ್ನುವುದೇ ಮುಖ್ಯ. ನಾನೂ ಅದನ್ನೇ ಹೇಳುತ್ತಿರುವುದು. ಹೆದರಿಕೆ ಹೋಗಬೇಕಾದರೆ ಮೊದಲು ಪರಿಚಯ ಆಗಬೇಕು ಅಲ್ವಾ? ನಮ್ಮ ಟೀಮಿನಲ್ಲಿ ಒಬ್ಬರು ಹುಬ್ಬಳ್ಳಿಯಲ್ಲಿ, ಒಬ್ಬರು ಕೊಯಮತ್ತೂರಿನಲ್ಲಿ, 2020ರಿಂದ ಮನೆಯಿಂದಲೇ ಕೆಲಸ, ಮೀಟಿಂಗಿನಲ್ಲಿ ಯಾರೂ ಕ್ಯಾಮೆರಾ ಹಾಕುವುದಿಲ್ಲ. ಸಕಲೇಶಪುರಕ್ಕೆ ಹೋಗಿ ಬಂದ ಮೇಲೆ ಉದ್ದುದ್ದ ಮೇಲ್ ಬರೆದು ಜಗಳ ಆಡುವ ಬದಲು ನೇರ ಫೋನ್ ಮಾಡಿ ಕೇಳುತ್ತಿದ್ದಾರೆ. ಅದಕ್ಕೆ ಖರ್ಚು ಮಾಡಿದ್ದು ಪೂರ್ತಿ ಸಾರ್ಥಕ.

ನಾನು: ನಿಮ್ಮ ಟೀಮಿಗೆ ಅದು ಸರಿ, ಒಪ್ಪುತ್ತೇನೆ. ಮುಖವನ್ನೇ ನೋಡದವರು ಒಮ್ಮೆ ಕೂತು ಮಾತಾಡಲೇಬೇಕು. ಭಾವನ ಹುಡುಗರು ದಿನಾ ಗೇಟಿನಲ್ಲಿ ಎದುರಾಗುತ್ತಾರೆ. ಪರಿಚಯ ಚೆನ್ನಾಗಿಯೇ ಇದೆ. ಜಗಳ ಬೇರೆ ಏನೋ.

ಚಿಕ್ಕಪ್ಪ: ಅಳಿಯಂದಿರೇ, ನಮ್ಮ ಫ್ಯಾಕ್ಟರಿಯಲ್ಲಿ ಈ ಟೀಮ್ ಬಿಲ್ಡಿಂಗ್ ಅನ್ನುವ ಮಾತೇ ಇರಲಿಲ್ಲ. ಕ್ಯಾಂಟೀನ್ ಇತ್ತು. ಮ್ಯಾನೇಜರೂ ಹೆಲ್ಪರೂ ಅದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದರು. ಆಯುಧಪೂಜೆಗೆ ಮೂರು ದಿನ ಮೊದಲೇ ಮೆಷಿನ್ ಒರೆಸಿ, ಬಣ್ಣ ಹಚ್ಚಿ, ಬಾಳೆಕಂದು ಕಟ್ಟುತ್ತಿದ್ದೆವು, ನವೆಂಬರಿನಲ್ಲಿ ರಾಜ್ಯೋತ್ಸವದ ಆರ್ಕೆಸ್ಟ್ರಾ. ಮನೆಯವರೆಲ್ಲ ಬರುತ್ತಿದ್ದರು. ಯಾರ ಮಗಳು ಎಷ್ಟನೇ ಕ್ಲಾಸು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದವನ ಕೆಲಸ ನಾವು ಕೆಡಿಸುತ್ತಿರಲಿಲ್ಲ.

ತಂಗಿ: ಅಪ್ಪ ಹೇಳಿದ್ದಕ್ಕೆ ಆಧಾರ ಇದೆ. 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರು ಅಮೆರಿಕದ ಒಂದು ದೊಡ್ಡ ನಗರದ ಫೈರ್ ಸ್ಟೇಷನ್‌ಗಳನ್ನು ನೋಡಿದ್ದರು. ಒಟ್ಟಿಗೆ ಅಡುಗೆ ಮಾಡಿ ಊಟ ಮಾಡುವ ತಂಡಗಳ ಕೆಲಸವೂ ಚೆನ್ನಾಗಿದೆ ಅಂತ ಅಲ್ಲಿನ ಅಧಿಕಾರಿಗಳೇ ಹೇಳಿದ್ದರು. ಒಗ್ಗಟ್ಟು ಇದ್ದದ್ದರಿಂದ ಒಟ್ಟಿಗೆ ಊಟ ಮಾಡುತ್ತಿದ್ದರೋ, ಊಟದಿಂದ ಒಗ್ಗಟ್ಟು ಬಂತೋ ಅನ್ನುವುದು ಬೇರೆ ಪ್ರಶ್ನೆ.

ಅಕ್ಕ: ಇನ್ನೊಂದು ವಿಷಯ ಯಾರೂ ಕೇಳಲಿಲ್ಲ. ಔಟಿಂಗ್ ಭಾನುವಾರ. ಪ್ಯಾಕಿಂಗ್ ಹೆಂಗಸರಿಗೆ ವಾರಕ್ಕೆ ಅದೊಂದೇ ರಜೆ. ಬಟ್ಟೆ, ರೇಷನ್, ಮಕ್ಕಳು ಎಲ್ಲಾ ಅವತ್ತೇ. ಜಿಪ್‌ಲೈನ್ ಬೇಡ ಅನ್ನಲೂ ಅವರಿಗೆ ಸಂಕೋಚ, ಓನರ್ ದುಡ್ಡು ಕೊಟ್ಟಿದ್ದಾರೆ ಅಂತ.

ತಂಗಿ: ಒತ್ತಾಯ ಮಾಡಲೇಬಾರದು ದೊಡ್ಡಕ್ಕ, ಅದರಲ್ಲಿ ಎರಡು ಮಾತಿಲ್ಲ. ಫ್ರಾನ್ಸ್‌ನಲ್ಲಿ ಕಂಪನಿಯ ಮೋಜಿನ ಪಾರ್ಟಿಗಳಿಗೆ ಸೇರುವುದಿಲ್ಲ ಅಂದ ಒಬ್ಬರನ್ನು ಕೆಲಸದಿಂದ ತೆಗೆದಿದ್ದರು. ಅದು ತಪ್ಪು ಅಂತ 2022ರಲ್ಲಿ ಅಲ್ಲಿನ ಮೇಲಿನ ಕೋರ್ಟೇ ಹೇಳಿತು. ಅದೇ ವರ್ಷ ಜ್ಯೂರಿಕ್ ಹತ್ತಿರ ಒಂದು ಕಂಪನಿಯ ಔಟಿಂಗಿನಲ್ಲಿ ಕೆಂಡ ತುಳಿಸಿ 25 ಜನರಿಗೆ ಗಾಯ ಆಯಿತು.

ಭಾವ: ಕೆಂಡ ಗಿಂಡ ಏನಿಲ್ಲಮ್ಮ. ಆದರೆ ಕೇಳಿ, ಹುಡುಗರು ವರ್ಷವೆಲ್ಲ ಎಣ್ಣೆ, ಕೂಲೆಂಟ್ ಮಧ್ಯೆ ನಿಂತು ದುಡಿದಿದ್ದಾರೆ. ಅವರಿಗೂ ಒಂದು ದಿನ ಖುಷಿ ಬೇಡವಾ?

ನಾನು: ಖಂಡಿತ ಬೇಕು ಭಾವ. ಹಾಗಾದರೆ ಅದನ್ನು ಬಹುಮಾನ ಅಂತಲೇ ಕೊಡಿ. ಮನೆಯವರನ್ನೂ ಕರೆಯಿರಿ, ಟ್ರೈನರ್ ಬೇಡ, ಬರದವರನ್ನು ಯಾಕೆ ಅಂತ ಕೇಳಬೇಡಿ. ಆದರೆ ಬಂದ ಮೇಲೆ ರಿಜೆಕ್ಷನ್ ಇಳಿಯಲಿಲ್ಲ ಅಂತ ಅವರ ಮೇಲೆ ರೇಗಬಾರದು. ಅದಕ್ಕೆ ಬೇರೆ ಕೆಲಸ ಮಾಡಬೇಕು. ಟೀಮ್ ಬಿಲ್ಡಿಂಗ್ ಬಗ್ಗೆ ಅಲ್ಲಿವರೆಗೆ ಆಗಿದ್ದ ಅಧ್ಯಯನಗಳನ್ನು 2009ರಲ್ಲಿ ಒಟ್ಟಿಗೆ ಇಟ್ಟು ನೋಡಿದ್ದಾರೆ. ಪ್ರಯೋಜನ ಇದೆ ಅಂತಲೇ ಬಂದಿದೆ, ಅದೂ ಯಾವುದರಲ್ಲಿ ಜಾಸ್ತಿ ಅಂದರೆ, ಗುರಿ ಏನು ಅಂತ ಒಟ್ಟಿಗೆ ಕೂತು ನಿರ್ಧರಿಸುವುದರಲ್ಲಿ ಮತ್ತು ಯಾರ ಕೆಲಸ ಯಾವುದು ಅಂತ ಸ್ಪಷ್ಟ ಮಾಡಿಕೊಳ್ಳುವುದರಲ್ಲಿ. ಈಗ ಹೇಳಿ, ರಿಜೆಕ್ಷನ್ ಆಗುತ್ತಿರುವುದು ಎಲ್ಲಿ?

ಭಾವ: ಸಿಎನ್‌ಸಿಯಲ್ಲಿ, ಕಂಪ್ಯೂಟರ್ ನಡೆಸುವ ಮೆಷಿನ್‌ನಲ್ಲಿ. ಬೆಳಗಿನ ಮೊದಲ ಪೀಸ್‌ಗಳೇ ಸೈಜ್ ತಪ್ಪುತ್ತವೆ. ರಾತ್ರಿಯವರು ಇನ್ಸರ್ಟ್ (ಕತ್ತರಿಸುವ ತುದಿ) ಬದಲಿಸಿ, ಅದಕ್ಕೆ ತಕ್ಕಂತೆ ಅಳತೆ ಸರಿಮಾಡಲು ಆಫ್‌ಸೆಟ್ ಕೊಟ್ಟಿರುತ್ತಾರೆ, ಲಾಗ್‌ಬುಕ್ಕಿನಲ್ಲಿ ಬರೆಯುವುದಿಲ್ಲ. ಬೆಳಗಿನವರು ಬಂದು ಇನ್ನೊಮ್ಮೆ ಆಫ್‌ಸೆಟ್ ಕೊಡುತ್ತಾರೆ. ಕೇಳಿದರೆ ಅವರು ಅಳೆಯುವ ಗೇಜ್ ಸರಿಯಿಲ್ಲ ಅನ್ನುತ್ತಾರೆ, ಇವರು ರಾತ್ರಿಯವರದ್ದೇ ತಪ್ಪು ಅನ್ನುತ್ತಾರೆ.

ನಾನು: ರಾತ್ರಿಯವರು ಹೋಗುವಾಗ ಇವರು ಬಂದಿರುತ್ತಾರಾ?

ಭಾವ: ಇಲ್ಲ. ಸೈರನ್ ಆದ ತಕ್ಷಣ ಅವರು ಹೊರಗೆ. ಬಸ್ ಹಿಡಿಯಬೇಕಲ್ಲ.

ನಾನು: ಅಲ್ಲೇ ಇರುವುದು ಭಾವ. ವಾರ್ಡಿನಲ್ಲಿ ನಾವು ಹ್ಯಾಂಡ್‌ಓವರ್ ಕೊಡದೆ ಮನೆಗೆ ಹೋಗುವುದಿಲ್ಲ. ಪ್ರತಿ ಹಾಸಿಗೆ ಹತ್ತಿರ ನಿಂತು, ಯಾರಿಗೆ ಏನು ಕೊಟ್ಟೆ, ಏನು ಬಾಕಿ ಇದೆ, ಯಾವುದರ ಮೇಲೆ ಕಣ್ಣಿಡಬೇಕು ಅಂತ ಮುಖಾಮುಖಿ ಹೇಳಿ ಹೋಗುತ್ತೇವೆ. ನಿಮ್ಮಲ್ಲೂ ಮೆಷಿನ್ ಮುಂದೆ ನಿಂತು 15 ನಿಮಿಷ ಹಾಗೇ ಮಾಡಲಿ. ಆದರೆ ಆ 15 ನಿಮಿಷ ಪುಕ್ಕಟೆ ಮಾಡಿಸಬೇಡಿ.

ಅಕ್ಕ: ಮೆಷಿನ್ ಮೇಲಿರುವವರು 12 ಜನ. ದಿನಕ್ಕೆ ಮೂರು ಗಂಟೆ ಕೂಲಿ. ಓವರ್‌ಟೈಮ್ ಆದ್ದರಿಂದ ಡಬಲ್ ದರ, ಆರು ಗಂಟೆ ಲೆಕ್ಕ. ಆದರೂ ಈ ಲಕ್ಷದಲ್ಲಿ ಎಷ್ಟೋ ತಿಂಗಳು ನಡೆಯುತ್ತದೆ.

ತಂಗಿ: ಹ್ಯಾಂಡ್‌ಓವರ್ ಮಾಡಿ, ಒಳ್ಳೆಯದೇ. ಔಟಿಂಗ್ ಬಿಡಬೇಡಿ ಅಂತಲೇ ನಾನು ಈಗಲೂ ಹೇಳುವುದು. ಕೆಲಸದ ಜಾಗದಲ್ಲಿ ಬಾಯಿ ಬಿಡದವರು ಹೊರಗೆ ಹೋದಾಗ ಬಿಡುತ್ತಾರೆ.

ಚಿಕ್ಕಪ್ಪ: ಆಯುಧಪೂಜೆ ಹತ್ತಿರ ಬಂತು. ವರ್ಕ್‌ಶಾಪಿನಲ್ಲೇ ಎಲ್ಲರ ಮನೆಯವರನ್ನೂ ಕರೆದು ಊಟ ಹಾಕಿಸಿ.

ಭಾವ: ಹಾಗೇ ಮಾಡೋಣ ಮಾವ. ರೆಸಾರ್ಟಿನವರಿಗೆ ಈಗ ಬೇಡ ಅನ್ನುತ್ತೇನೆ. ಸೋಮವಾರದಿಂದ ಬೆಳಗಿನವರು 15 ನಿಮಿಷ ಮೊದಲೇ ಬರಲಿ. ಎರಡೂ ಶಿಫ್ಟಿನವರನ್ನು ನಿಲ್ಲಿಸಿ ನಾನೇ ಹೇಳುತ್ತೇನೆ.

ನಾನು: ಒಂದು ಮಾತು ಭಾವ. ಮೊದಲ ದಿನ ಯಾರಾದರೂ "ಆಫ್‌ಸೆಟ್ ಬದಲಿಸಿದ್ದು ನಾನೇ, ಬರೆಯಲು ಮರೆತೆ" ಅಂದರೆ ದಯವಿಟ್ಟು ಅಲ್ಲಿ ಬೈಯಬೇಡಿ. ಬೈದರೆ ಮಾರನೇ ದಿನದಿಂದ ಯಾರೂ ಹೇಳುವುದಿಲ್ಲ.

ಅಕ್ಕ: ಅವತ್ತು ನಾನೂ ವರ್ಕ್‌ಶಾಪಿಗೆ ಬರುತ್ತೇನೆ.